ಹೊಸದು ಅಂತ ಹೇಗೆ ಗೊತ್ತಾಗುತ್ತೆ, ಮಿಸ್?

ಒಂಬತ್ತನೆಯ ತರಗತಿಗೆ ಪ್ರಾಣಿಗಳ ವರ್ಗೀಕರಣ ನನ್ನ ಆರನೆಯ ಅಭ್ಯಾಸ ಪಾಠವಾಗಿತ್ತು. ಕಪ್ಪೆಚಿಪ್ಪು ತೋರಿಸಿ, “ಎರಡು ಚಿಪ್ಪಿರುವ ಕಡಲಜೀವಿಗಳೆಲ್ಲ ಮೃದ್ವಂಗಿಗಳು” ಎಂದುಬಿಟ್ಟೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಪದ ಬರೆದಿದ್ದರು: ‘ಬ್ರಾಕಿಯೊಪಾಡ್?’ ಅದಕ್ಕಿಂತ ಹೆಚ್ಚು ಕಾಡಿದ್ದು ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆ: “ಮಿಸ್, ಒಂದು ಪ್ರಾಣಿ ಹೊಸದು ಅಂತ ಹೇಗೆ ಗೊತ್ತಾಗುತ್ತೆ?” “ವಿಜ್ಞಾನಿಗಳು ನೋಡಿ ಹೇಳ್ತಾರೆ” ಎಂದು ಮುಂದಿನ ಹಂತಕ್ಕೆ ಹೋದೆ. ಆಮೇಲೆ ಎರಡಕ್ಕೂ ಸೇರಿಸಿ ಓದಿಕೊಂಡೆ.

ಬ್ರಾಕಿಯೊಪಾಡ್‌ಗಳಿಗೂ ಎರಡು ಚಿಪ್ಪು. ಹಿಂದೆ ಬಹುಕಾಲ ಪ್ರಾಣಿಶಾಸ್ತ್ರಜ್ಞರೂ ಅವನ್ನು ಮೃದ್ವಂಗಿಗಳಲ್ಲೇ ಸೇರಿಸಿದ್ದರೆಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು. ಕಪ್ಪೆಚಿಪ್ಪಿನ ಚಿಪ್ಪುಗಳು ದೇಹದ ಎಡಕ್ಕೊಂದು, ಬಲಕ್ಕೊಂದು. ಬ್ರಾಕಿಯೊಪಾಡ್‌ನಲ್ಲಿ ಬೆನ್ನಿಗೊಂದು, ಹೊಟ್ಟೆಗೊಂದು. ಒಂದು ಚಿಪ್ಪಿನ ಅಂಚನ್ನು ಕಾಗದದ ಮೇಲೆ ಬರೆದು, ಕತ್ತರಿಸಿ, ನಡುವೆ ಮಡಿಸಿದರೆ ಬ್ರಾಕಿಯೊಪಾಡ್‌ನ ಎರಡು ಅರ್ಧಗಳು ಕೂಡುತ್ತವೆ. ಕಪ್ಪೆಚಿಪ್ಪಿನವು ಸಾಮಾನ್ಯವಾಗಿ ಕೂಡುವುದಿಲ್ಲ.

ಈ ವಂಶದಲ್ಲಿ ಇಂದು ಬದುಕಿರುವ ಪ್ರಭೇದಗಳು ಸುಮಾರು 400. ಪಳೆಯುಳಿಕೆಯಾಗಿ ತಿಳಿದಿರುವವು 12,000ಕ್ಕೂ ಹೆಚ್ಚು. ಜೀವಂತ ಗುಂಪಿಗೆ ಈಗಲೂ ಹೊಸವು ಸೇರುತ್ತವೆ. 1988ರಲ್ಲಿ ಕೆನರಿ ದ್ವೀಪಗಳ ಕಡಲಿನಿಂದ ಅಲನ್ ಲೋಗನ್ ವಿವರಿಸಿದ ಪಜೌಡಿನಾ ಅಟ್ಲಾಂಟಿಕಾ ಹೊಸ ಪ್ರಭೇದ ಮಾತ್ರವಲ್ಲ, ಹೊಸ ಜಾತಿಯೂ ಹೌದು.

ಹಾಗಾದರೆ ಗುರುತಿಸುವುದು ಹೇಗೆ? ಹೊರಗಿನ ಆಕಾರವನ್ನು ನಂಬುವಂತಿಲ್ಲ. ಕಲ್ಲಿನ ಸಂದಿಯಲ್ಲಿ ಒತ್ತಾಗಿ ಬೆಳೆದದ್ದು ಸೊಟ್ಟಗಾಗಿರುತ್ತದೆ. ಬ್ಲೀಚ್ ದ್ರಾವಣದಲ್ಲಿ ಮಾಂಸ ಕರಗಿಸಿ ಚಿಪ್ಪಿನ ಒಳಗೆ ನೋಡಬೇಕು. ಹಲವು ಬಗೆಗಳಲ್ಲಿ, ಆಹಾರ ಸೋಸುವ ಅಂಗಕ್ಕೆ ಆಸರೆಯಾಗಿ ಸುಣ್ಣದ ತೆಳು ಕುಣಿಕೆಯೊಂದು ಅಲ್ಲಿರುತ್ತದೆ. ವರ್ಗೀಕರಣದಲ್ಲಿ ಅದರ ರೂಪಕ್ಕೆ ತುಂಬಾ ಬೆಲೆ.

ತೊಡಕು ಇರುವುದೂ ಅಲ್ಲೇ. ಕುಣಿಕೆ ವಯಸ್ಸಿನೊಂದಿಗೆ ಬದಲಾಗುತ್ತದೆ. ದಕ್ಷಿಣ ಅಮೆರಿಕದ ತುದಿಯ ಕಡಲಲ್ಲಿರುವ ಮೆಗೆಲೇನಿಯಾದ ಮರಿಯಲ್ಲಿ ಅದು ಚಿಪ್ಪಿನ ನಡುಗೋಡೆಗೆ ಅಂಟಿಕೊಂಡಿರುತ್ತದೆ. ಬೆಳೆದಂತೆ ಆ ಬೆಸುಗೆಗಳು ಕರಗಿ ಕುಣಿಕೆ ಬಿಡಿಯಾಗುತ್ತದೆ. ಒಂದೇ ಪ್ರಾಣಿಯ ಮರಿಯನ್ನೂ ದೊಡ್ಡದನ್ನೂ ಎರಡು ಬಗೆ ಎಂದುಕೊಳ್ಳುವುದು ಬಹಳ ಸುಲಭ. ಆದ್ದರಿಂದ ಒಂದು ಚಿಪ್ಪು ಸಾಲದು. ಸಣ್ಣದರಿಂದ ದೊಡ್ಡದರವರೆಗೆ ಸಾಲು ಬೇಕು. ಆ ಸಾಲನ್ನು ಸಂಗ್ರಹಾಲಯಗಳಲ್ಲಿರುವ ಹಳೆಯ ಮಾದರಿಗಳೊಂದಿಗೆ, ಸಾಧ್ಯವಿದ್ದರೆ ಡಿಎನ್‌ಎಯನ್ನೂ, ಹೋಲಿಸಬೇಕು. ಆಮೇಲೂ ಬೇರೆಯೇ ಎನಿಸಿದರೆ ಒಂದನ್ನು ಹೆಸರಿನ ಮಾದರಿಯಾಗಿ ಇರಿಸಿ, ವಿವರಣೆ ಪ್ರಕಟಿಸುತ್ತಾರೆ.

ಮರುಪಾಠಕ್ಕೆ ಬ್ರಾಕಿಯೊಪಾಡ್ ಎಲ್ಲಿಂದ ತರಲಿ? ಹಲಸಿನ ಎಲೆ ತಂದೆ. ಎಳೆ ಗಿಡದ ಎಲೆಗಳಲ್ಲಿ ಸೀಳುಗಳಿರುತ್ತವೆ, ದೊಡ್ಡ ಮರದ್ದಕ್ಕೆ ಇರುವುದಿಲ್ಲ. ಹೆಸರು ಹೇಳದೆ ಗುಂಪು ಮಾಡಲು ಕೊಟ್ಟೆ. ಎಲ್ಲ ತಂಡಗಳೂ ‘ಎರಡು ಪ್ರಭೇದ’ ಎಂದು ಬರೆದವು. ಅದೇ ಹುಡುಗಿ ಮಾತ್ರ ಕೈಯೆತ್ತಿದಳು: “ಮಧ್ಯದ ವಯಸ್ಸಿನ ಗಿಡದ ಎಲೆ ತಂದಿಲ್ವಾ, ಮಿಸ್?”

ನಾನು ತಂದಿರಲಿಲ್ಲ.