ನೀರೊಳಗೆ ಕ್ಯಾಮೆರಾ: ಒಂದು ಕೂದಲೆಳೆ ಕಲಿಸಿದ ಪಾಠ

ಸಮುದ್ರದೊಳಗೆ ಮ್ಯಾಕ್ರೋ ಫೋಟೊ, ಅಂದ್ರೆ ಉಗುರಿನಷ್ಟು ಪುಟ್ಟ ಜೀವಿಗಳ ಫೋಟೊ ತೆಗೆಯೋದು ಹೇಗೆ ಅಂತ ಇವತ್ತು ಹೇಳ್ತೀನಿ. ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡೋಣ.

ಮುರ್ಡೇಶ್ವರದಿಂದ ಸುಮಾರು 19 ಕಿಲೊಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪ ಇದೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಸ್ಕೂಬಾ ಡೈವಿಂಗ್ ನಡೆಯುತ್ತೆ. ಅಕ್ಕ ಕಂತಿನಲ್ಲಿ ತಗೊಂಡಿದ್ದ ಕ್ಯಾಮೆರಾವನ್ನು ಕಾಡಿ ಬೇಡಿ ಇಸ್ಕೊಂಡು, ಅದಕ್ಕೆ ಸರಿಹೊಂದುವ ಹೌಸಿಂಗ್ ಬಾಡಿಗೆಗೆ ತಗೊಂಡು ಹೋಗಿದ್ದೆ. ಬೆಳಗ್ಗೆ ಗಡಿಬಿಡಿಯಲ್ಲಿ, ಓಲಾಡುವ ದೋಣಿಯಲ್ಲೇ ಕೂತು ಹೌಸಿಂಗ್ ಮುಚ್ಚಿದೆ. 12 ಮೀಟರ್ ಆಳದಲ್ಲಿ ನೋಡ್ತೀನಿ, ಲೆನ್ಸ್ ಮುಂದಿನ ಗಾಜಿನ ಒಳಗಡೆ ನೀರು!

ಹೌಸಿಂಗ್ ಅಂದ್ರೆ ಕ್ಯಾಮೆರಾಗೆ ಹಾಕುವ ಗಟ್ಟಿ ಪೆಟ್ಟಿಗೆ. ಅಲ್ಯೂಮಿನಿಯಂ ಅಥವಾ ಪಾಲಿಕಾರ್ಬೊನೇಟ್‌ನಿಂದ ಮಾಡಿರ್ತಾರೆ. ಅದರ ಎರಡು ಭಾಗ ಸೇರುವ ಕಡೆ ಒಂದು ರಬ್ಬರ್ ಬಳೆ ಇರುತ್ತೆ, ಅದೇ ಓ ರಿಂಗ್. ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ಇದ್ದ ಹಾಗೆ. ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚಾಗುತ್ತೆ. ಬಳೆ ಸ್ವಚ್ಛವಾಗಿದ್ರೆ ಆ ಒತ್ತಡವೇ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿ ಮಾಡುತ್ತೆ. ಆದರೆ ಬಳೆ ಮೇಲೆ ಒಂದು ಮರಳಿನ ಕಣ ಕೂತಿದ್ರೂ ಸಾಕು, ಅಲ್ಲಿಂದ ನೀರು ನುಗ್ಗುತ್ತೆ. ನನ್ನ ಹೌಸಿಂಗ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದು ಒಂದು ತಲೆಗೂದಲು.

ನೀರು ಕಂಡ ತಕ್ಷಣ ನಾನು ಮೇಲಕ್ಕೆ ಚಿಮ್ಮೋಕೆ ಹೊರಟೆ. ಜೊತೆಗಿದ್ದ ತರಬೇತುದಾರರು ತೋಳು ಗಟ್ಟಿಯಾಗಿ ಹಿಡಿದು ನಿಲ್ಲಿಸಿದ್ರು. ಅವಸರದಲ್ಲಿ ಮೇಲೇರಿದ್ರೆ ರಕ್ತದಲ್ಲಿ ಕರಗಿರುವ ನೈಟ್ರೋಜನ್ ಗುಳ್ಳೆಯಾಗಬಹುದು, ಉಸಿರು ಬಿಗಿಹಿಡಿದಿದ್ರೆ ಶ್ವಾಸಕೋಶವೇ ಹರಿಯಬಹುದು. ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ಏರಬಾರದು ಅನ್ನೋದು ನಾವು ಕಲಿತ ಪಾಠ. ನಿಧಾನವಾಗಿ ಬಂದು, 5 ಮೀಟರ್‌ನಲ್ಲಿ ಮೂರು ನಿಮಿಷ ನಿಂತೆವು. ಆ ಮೂರು ನಿಮಿಷ ಅಕ್ಕನ ಕ್ಯಾಮೆರಾ ಮುಳುಗೋದನ್ನ ನೋಡ್ತಾ ಇದ್ದೆ.

ಸಂಜೆ ಫೋನ್ ಮಾಡಿ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಸರಿಯಾಗಿ ಮೇಲೆ ಬಂದ್ಯಲ್ಲ, ಬಿಡು" ಅಂದ್ಳು. ಉಳಿದ ಕಂತುಗಳನ್ನ ನಾನು ಕಟ್ಟಿದೆ.

ಹಾಗಾಗಿ ಈಗ ನನ್ನ ಕ್ರಮ ಹೀಗಿದೆ. ಹೌಸಿಂಗ್ ಮುಚ್ಚೋದು ಹಿಂದಿನ ರಾತ್ರಿ, ಫ್ಯಾನ್ ಆರಿಸಿ, ಒಳ್ಳೆ ಬೆಳಕಿನಲ್ಲಿ. ಓ ರಿಂಗ್ ತೆಗೆದು, ಬೆರಳ ತುದಿಯಲ್ಲಿ ಸುತ್ತಲೂ ಸವರಿ ನೋಡ್ತೀನಿ. ಕಣ್ಣಿಗೆ ಕಾಣದ ಕಣ ಬೆರಳಿಗೆ ಸಿಗುತ್ತೆ. ಆಮೇಲೆ ತಯಾರಕರು ಹೇಳಿದ ಗ್ರೀಸನ್ನೇ ತೆಳುವಾಗಿ ಸವರ್ತೀನಿ. ಗ್ರೀಸ್ ನೀರು ತಡೆಯಲ್ಲ, ಬಳೆಯನ್ನು ಮೆತ್ತಗಿಡುತ್ತೆ ಅಷ್ಟೇ. ಜಾಸ್ತಿಯಾದ್ರೆ ಕಸ ಅಂಟುತ್ತೆ. ಹೊಸ ಹೌಸಿಂಗ್ ಆದ್ರೆ ಮೊದಲ ಸಲ ಕ್ಯಾಮೆರಾ ಇಲ್ಲದೆ, ಒಳಗೆ ಟಿಶ್ಯೂ ಕಾಗದ ಇಟ್ಟು ಮುಳುಗಿಸಿ. ಕಾಗದ ಒಣಗಿದ್ರೆ ಮಾತ್ರ ಮುಂದಿನ ಹೆಜ್ಜೆ. ನೀರಿಗೆ ಧುಮುಕುವಾಗ ಕ್ಯಾಮೆರಾ ಕೈಯಲ್ಲಿರಬಾರದು. ಇಳಿದ ಮೇಲೆ ದೋಣಿಯವರು ಕೊಡ್ತಾರೆ. ಇಸ್ಕೊಂಡು, ಒಂದು ಮೀಟರ್ ಕೆಳಗೆ ಹಿಡಿದು, ಗುಳ್ಳೆ ಬರ್ತಿದೆಯಾ ಅಂತ ನೋಡಿ. ಒಳಗೆ ನೀರು ಕಂಡ್ರೆ ಗಾಜಿನ ಭಾಗ ಕೆಳಗೆ ಬರುವಂತೆ ಹಿಡಿಯಿರಿ. ನೀರು ಅಲ್ಲೇ ನಿಂತು, ಕ್ಯಾಮೆರಾ ಉಳಿಯುವ ಸಾಧ್ಯತೆ ಇರುತ್ತೆ.

ಇನ್ನು ಲೆನ್ಸ್. ಮ್ಯಾಕ್ರೋ ಲೆನ್ಸ್ ಯಾಕೆ ಬೇಕು? ನೀರು ಬೆಳಕನ್ನು ನುಂಗುತ್ತೆ, ಅದರಲ್ಲೂ ಕೆಂಪು ಬಣ್ಣ ಮೊದಲ ಕೆಲವು ಮೀಟರ್‌ಗಳಲ್ಲೇ ಮಾಯ. ನೀರಲ್ಲಿ ತೇಲುವ ಕಣಗಳು ಚಿತ್ರವನ್ನು ಮಸುಕು ಮಾಡ್ತವೆ. ಲೆನ್ಸ್‌ಗೂ ಜೀವಿಗೂ ನಡುವೆ ನೀರು ಕಡಿಮೆ ಇದ್ದಷ್ಟೂ ಚಿತ್ರ ಚೆನ್ನಾಗಿರುತ್ತೆ. ಮ್ಯಾಕ್ರೋ ಲೆನ್ಸ್ ತೀರಾ ಹತ್ತಿರದಿಂದ ಫೋಕಸ್ ಮಾಡುತ್ತೆ. 1:1 ಅಂತಾರಲ್ಲ, ಅದರರ್ಥ ಜೀವಿ ಎಷ್ಟು ದೊಡ್ಡದೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳುತ್ತೆ. ಫುಲ್ ಫ್ರೇಮ್ ಸೆನ್ಸರ್ ಅಗಲ 36 ಮಿಲಿಮೀಟರ್. ಎರಡು ಸೆಂಟಿಮೀಟರ್ ಉದ್ದದ ಹುಳು ಅರ್ಧಕ್ಕಿಂತ ಹೆಚ್ಚು ಚೌಕಟ್ಟು ತುಂಬುತ್ತೆ.

ಮ್ಯಾಕ್ರೋಗೆ ಹೌಸಿಂಗ್ ಮುಂದೆ ಚಪ್ಪಟೆ ಗಾಜು, ಅಂದ್ರೆ ಫ್ಲ್ಯಾಟ್ ಪೋರ್ಟ್ ಹಾಕ್ಬೇಕು. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗಿ, ವಸ್ತು ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತೆ. ಇದು ನಮಗೆ ಲಾಭವೇ. ವಿಶಾಲ ದೃಶ್ಯಕ್ಕಾದ್ರೆ ಗುಮ್ಮಟದ ಆಕಾರದ ಗಾಜು ಬೇಕು.

ಸೆಟ್ಟಿಂಗ್ ಕೇಳ್ತೀರಾ? ನಾನು ಮ್ಯಾನುಯಲ್‌ನಲ್ಲಿ ಎಫ್ 16, ಶಟರ್ 1/200, ಐಎಸ್‌ಒ 100ರಿಂದ ಶುರು ಮಾಡ್ತೀನಿ. ಇಷ್ಟಕ್ಕೆ ಸಮುದ್ರದ ಬೆಳಕು ಸಾಲಲ್ಲ, ಸ್ಟ್ರೋಬ್ ಅನ್ನೋ ಫ್ಲ್ಯಾಷ್ ಬೇಕೇಬೇಕು. ಕಳೆದುಹೋದ ಕೆಂಪನ್ನು ವಾಪಸ್ ತರೋದೂ ಅದೇ. ಅದನ್ನು ಪಕ್ಕಕ್ಕೆ, ಸ್ವಲ್ಪ ಹೊರಮುಖವಾಗಿ ಇಡಿ. ನೇರ ಮುಂದಕ್ಕೆ ಹೊಡೆದ್ರೆ ತೇಲುವ ಕಣಗಳೆಲ್ಲ ಹಿಮ ಸುರಿದ ಹಾಗೆ ಕಾಣ್ತವೆ.

1:1ರಲ್ಲಿ ಸ್ಪಷ್ಟವಾಗಿ ಕಾಣೋದು ಸುಮಾರು 2 ಮಿಲಿಮೀಟರ್ ಆಳ ಮಾತ್ರ. ನ್ಯೂಡಿಬ್ರ್ಯಾಂಕ್ ಅಂತ ಒಂದಿದೆ, ಚಿಪ್ಪಿಲ್ಲದ ಸಮುದ್ರದ ಬಸವನಹುಳು. ತಲೆ ಮೇಲಿನ ಎರಡು ಕೊಂಬುಗಳಿಂದ ನೀರಿನಲ್ಲಿರುವ ವಾಸನೆ ಹಿಡಿಯುತ್ತೆ. ಫೋಕಸ್ ಆ ಕೊಂಬಿನ ಮೇಲಿರಲಿ. ಫೋಕಸ್ ಲಾಕ್ ಮಾಡಿ, ದೇಹವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡ್ತಾ, ಸ್ಪಷ್ಟವಾದ ಕ್ಷಣ ಕ್ಲಿಕ್ ಮಾಡಿ.

ಇಲ್ಲೇ ಅಪಾಯ ಇರೋದು. ಅಲುಗಬಾರದು ಅಂತ ಎಷ್ಟೋ ಜನ ಹವಳ ಹಿಡ್ಕೋತಾರೆ, ಅದರ ಮೇಲೆ ಮೊಣಕಾಲು ಊರ್ತಾರೆ. ಹವಳ ಕಲ್ಲಲ್ಲ, ಜೀವಿ. ಬೆಳೆಯೋಕೆ ವರ್ಷಗಳು ಬೇಕು, ಮುರಿಯೋಕೆ ಒಂದು ಒದೆ ಸಾಕು. ಕಲ್ಲುಹವಳಗಳಿಗೆ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ ರಕ್ಷಣೆಯೂ ಇದೆ. ಮುಟ್ಟದೆ ತೇಲಿ ನಿಲ್ಲೋಕೆ ಬರಲ್ಲ ಅಂದ್ರೆ ಕ್ಯಾಮೆರಾ ದೋಣಿಯಲ್ಲೇ ಇರಲಿ, ಮೊದಲು ಅದನ್ನು ಕಲಿಯಿರಿ. ಇನ್ನೊಂದು ಮಾತು, ವ್ಯೂಫೈಂಡರ್‌ಗೆ ಕಣ್ಣಿಟ್ಟಾಗ ಸಿಲಿಂಡರ್‌ನ ಗಾಳಿ ಮರೆತೇ ಹೋಗುತ್ತೆ. ನಾನು ಪ್ರತಿ ಐದಾರು ಕ್ಲಿಕ್‌ಗೊಮ್ಮೆ ಗೇಜ್ ನೋಡ್ತೀನಿ.

ಮೇಲೆ ಬಂದ ಮೇಲೆ ಹೌಸಿಂಗನ್ನು ಸಿಹಿನೀರಿನಲ್ಲಿ ನೆನೆಸಿ, ಎಲ್ಲ ಬಟನ್ ಒತ್ತಿ ಉಪ್ಪು ಬಿಡಿಸಿ. ಪೂರ್ತಿ ಒರೆಸಿದ ಮೇಲೆಯೇ ತೆರೆಯಿರಿ.

ಹೋದ ಸೀಸನ್‌ನಲ್ಲಿ ಅದೇ ನೇತ್ರಾಣಿಯಲ್ಲಿ ಒಂದು ನ್ಯೂಡಿಬ್ರ್ಯಾಂಕ್ ಫೋಟೊ ಸಿಕ್ತು, ಎರಡೂ ಕೊಂಬು ಸ್ಪಷ್ಟ. ಅಕ್ಕನಿಗೆ ಕಳಿಸಿದೆ. "ಚೆನ್ನಾಗಿದೆ. ಇದು ಯಾರ ಕ್ಯಾಮೆರಾ?" ಅಂತ ಕೇಳಿದ್ಳು. ನಂದೇ ಅಂದೆ.