ಬಾಗಿನಕ್ಕೋ, ಕೇರೋದಕ್ಕೋ?

ಗೌರಿ ಹಬ್ಬ ಹತ್ತಿರವಾದಾಗ ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತ ನಡೆಯುವುದೆಂದರೆ ಜನರ ನಡುವೆ ತೂರಿಕೊಂಡು ಹೋಗುವುದು. ಬಾಳೆಕಂದು ಹೇರಿಕೊಂಡು ಬರುವ ಆಟೋ, ಮೊಳ ಹಾಕಿ ಸೇವಂತಿಗೆ ಅಳೆಯುವ ಕೈಗಳು, ತಟ್ಟೆ ತಟ್ಟೆಯಲ್ಲಿ ಗೋಪುರವಾಗಿ ನಿಂತ ಅರಿಸಿನ, ಕುಂಕುಮ. ಒಂದು ಕಡೆ ಮಣ್ಣಿನ ಗೌರಿಯರು ಸಾಲಾಗಿ ಕೂತಿದ್ದಾರೆ, ಕೆಲವರ ಬಣ್ಣ ಇನ್ನೂ ಹಸಿ. ಫುಟ್‌ಪಾತಿನ ಅಂಚಿನಲ್ಲಿ ಗೋಣಿತಾಟು ಹಾಸಿಕೊಂಡು ವಯಸ್ಸಾದ ಹೆಂಗಸೊಬ್ಬರು ಮೊರ ಮಾರುತ್ತಿದ್ದಾರೆ. ಮನೆ ಬಂಬೂ ಬಜಾರಿನ ಹತ್ತಿರದ ಮೇದರ ಬ್ಲಾಕಿನಲ್ಲಂತೆ. ಅಂಗೈಯಗಲದ ಮೊರ, ಮೊಳದುದ್ದದ ಮೊರ, ಮಡಿಲು ತುಂಬುವಂಥ ಮೊರ, ಬೇರೆ ಬೇರೆ ಅಟ್ಟಿ. ಬಗ್ಗಿ ನೋಡಿದವರಿಗೆಲ್ಲ ಅವರು ಮೊದಲು ಕೇಳುವುದು ಇದನ್ನೇ:

“ಬಾಗಿನಕ್ಕೋ ಅಕ್ಕಾ, ಕೇರೋದಕ್ಕೋ?”

ಬೆಲೆ ಬೇರೆ, ಹೆಣಿಗೆಯೂ ಬೇರೆ. ಕೇರುವ ಮೊರಕ್ಕೆ ಬಿದಿರಿನ ಹೊರಮೈಯ ಸೀಳು ಬೇಕು. ಹಸಿರು ಸಿಪ್ಪೆಯಿರುವ ಆ ಪದರವೇ ಗಟ್ಟಿ, ಹುಳ ಹಿಡಿಯುವುದು ಕಡಿಮೆ. ಒಳಗಿನ ಬಿಳಿ ತಿರುಳಿನ ಸೀಳು ಬೇಗ ಏಳುತ್ತದೆ, ಬೇಗ ಮುರಿಯುತ್ತದೆ. ಆಕೆ ಎರಡು ಮೊರಗಳನ್ನೂ ಎತ್ತಿ ಬಿಸಿಲಿಗೆ ಹಿಡಿದು ತೋರಿಸಿದರು. ಒಂದರಲ್ಲಿ ಬೆಳಕು ಸೂಜಿಮೊನೆಯಷ್ಟೇ ತೂರುತ್ತದೆ. ಇನ್ನೊಂದರ ಸಂದಿಯಲ್ಲಿ ರಾಗಿ ಇರಲಿ, ಹೆಸರುಕಾಳೂ ಉದುರೀತು. ಗಟ್ಟಿ ಮೊರದ ಅಂಚಿಗೆ ಬಗ್ಗಿಸಿದ ದಬ್ಬೆಯನ್ನು ಒತ್ತಿ ಒತ್ತಿ ಕಟ್ಟಿರುತ್ತಾರೆ, ಹಿಂಬದಿಯ ಮೂಲೆಗಳನ್ನು ಹೆಬ್ಬೆರಳಿನಿಂದ ತಳ್ಳಿದರೂ ಬಿಚ್ಚುವುದಿಲ್ಲ. “ಇದೊಂದು ಹೆಣೆಯೋ ಹೊತ್ತಿಗೆ ಬಾಗಿನದ್ದು ಎರಡೋ ಮೂರೋ ಎದ್ದುಬಿಡ್ತವೆ. ಜನ ಕೇಳೋದೂ ಅದನ್ನೇ. ಕೊಟ್ಟುಬಿಡೋ ಮೊರಕ್ಕೆ ಯಾಕೆ ಅಷ್ಟು ದುಡ್ಡು ಅಂತಾರೆ.”

ಕೊಟ್ಟುಬಿಡುವ ಮೊರ. ಅಲ್ಲಿಂದ ಬಟ್ಟೆ ಅಂಗಡಿಗೆ ಹೋದರೆ ಅದೇ ಮಾತು. ರವಿಕೆ ಕಣ ಕೇಳಿದೊಡನೆ ಹುಡುಗ ತಲೆಯೆತ್ತದೆ, “ಕೊಡೋಕಾ ಮೇಡಂ, ಹೊಲಿಸೋಕಾ?” ಎನ್ನುತ್ತಾನೆ. ಕೊಡುವ ಕಣಗಳು ಕಟ್ಟುಕಟ್ಟಾಗಿ ಬರುತ್ತವೆ. ಪಾಲಿಸ್ಟರ್, ಗಂಜಿ ಹೊಳಪು, ಬಿಚ್ಚಿ ಅಳೆದರೆ ಮೀಟರಿಗೆ ಎಷ್ಟೋ ಕಡಿಮೆ. ತೋಳಿರುವ ರವಿಕೆಗೆ ಅದು ಸಾಲದೆಂದು ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಹಾಗಾಗಿ ಆ ಕಣ ಈ ಹಬ್ಬದಿಂದ ಆ ನಾಮಕರಣಕ್ಕೆ, ಅಲ್ಲಿಂದ ಇನ್ಯಾರದೋ ಗೃಹಪ್ರವೇಶಕ್ಕೆ, ಬೀರುವಿನಿಂದ ಬೀರುವಿಗೆ ಸಾಗುತ್ತಲೇ ಇರುತ್ತದೆ. ಪೂಜಾ ಸಾಮಗ್ರಿಯ ಅಂಗಡಿಯಲ್ಲಿ ದಾನದ ಪಂಚೆ, ದಾನದ ಚೊಂಬು ಎಂದು ಪ್ರತ್ಯೇಕವಾಗಿಯೇ ಇಟ್ಟಿರುತ್ತಾರೆ. ಆ ಚೊಂಬು ಬೆರಳು ಒತ್ತಿದರೆ ತಗ್ಗು ಬೀಳುವಷ್ಟು ತೆಳು.

ನನ್ನನ್ನು ಹೆಚ್ಚು ಕಾಡುವುದು ಬಾಗಿನದ ಧಾನ್ಯದ ಪೊಟ್ಟಣಗಳು. ಪ್ಲಾಸ್ಟಿಕ್ ಚೀಲದೊಳಗೆ ಮತ್ತೆ ಪುಟ್ಟ ಪುಟ್ಟ ಪ್ಲಾಸ್ಟಿಕ್ ಪೊಟ್ಟಣ. ಒಂದರಲ್ಲಿ ಒಂದು ಚಮಚ ತೊಗರಿಬೇಳೆ, ಇನ್ನೊಂದರಲ್ಲಿ ಚಿಟಿಕೆ ರವೆ, ಮತ್ತೊಂದರಲ್ಲಿ ನಾಲ್ಕು ಕಾಳು ಉದ್ದು. ಜೊತೆಗೆ ಬಿಚ್ಚೋಲೆ, ಕಪ್ಪು ಬಳೆ, ಬೆರಳಗಲದ ಕನ್ನಡಿ, ಬಾಚಣಿಗೆ. ಆ ಬೇಳೆಯನ್ನು ಯಾರೂ ಬೇಯಿಸುವುದಿಲ್ಲ, ಆ ಬಾಚಣಿಗೆಯಿಂದ ಯಾರೂ ತಲೆ ಬಾಚುವುದಿಲ್ಲ. ಬೇಳೆ ಬೆಳೆದ ಹೊಲ, ಬೀಸಿದ ಗಿರಣಿ, ತುಂಬಿದ ಕೈ ಎಲ್ಲವೂ ವ್ಯರ್ಥವಾಗಿ ಪೊಟ್ಟಣ ಮಾತ್ರ ಚರಂಡಿಯಲ್ಲಿ ಉಳಿಯುತ್ತದೆ. ಮೊರದ ಬಾಗಿನವೆಂದರೆ ಹೆಣ್ಣುಮಗಳೊಬ್ಬಳ ಅಡುಗೆಮನೆಗೆ ಕೆಲವು ದಿನಕ್ಕಾದರೂ ಒದಗುವ ಸಾಮಾನು. ಅಕ್ಕಿ, ಬೇಳೆ, ಬೆಲ್ಲ, ಉಪ್ಪು, ತೆಂಗಿನಕಾಯಿ, ಅವನ್ನು ಕೇರಿ ಹಸನು ಮಾಡಲು ಮೊರ, ತೊಡಲು ಕಣ. ಇವುಗಳಲ್ಲಿ ಉಪಯೋಗಕ್ಕೆ ಬಾರದ್ದು ಯಾವುದಿತ್ತು?

ಹಾಗೆಂದು ಐದು ಬಾಗಿನದಲ್ಲೂ ಹದಿನಾರು ಬಗೆ ಸೇರಿಸಿ ಸಾಲ ಮಾಡಬೇಕಿಲ್ಲ. ಬಗೆ ಕಡಿಮೆಯಾಗಲಿ, ಅಳತೆ ಹೆಚ್ಚಲಿ. ಅರ್ಧ ಸೇರು ಅಕ್ಕಿ, ಪಾವು ಬೇಳೆ, ಕಾಗದದ ಪೊಟ್ಟಣ. ಬೆಲ್ಲ ಕೊಳ್ಳುವಾಗ ಹೊಳೆಯುವ ಹಳದಿ ಅಚ್ಚಿಗೆ ಮರುಳಾಗಬೇಡಿ. ಆ ಬಣ್ಣ ಬಹಳ ಸಲ ಬರುವುದು ಆಲೆಮನೆಯಲ್ಲಿ ಪಾಕಕ್ಕೆ ಸೇರಿಸುವ ಹೈಡ್ರೋಸ್‌ನಿಂದ, ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್‌ನಿಂದ. ಮಂಡ್ಯದ ಕಪ್ಪುಗೆಂಪು ಅಚ್ಚು ನೋಡಲು ಮಂಕಾದರೂ ತಿನ್ನಲು ಅದೇ ಸರಿ. ಕಣಕ್ಕೆ ಉತ್ತರ ಕರ್ನಾಟಕದವರನ್ನು ಕೇಳಬೇಕು. ಅಲ್ಲಿ ಉಡಿ ತುಂಬಲು ಗುಳೇದಗುಡ್ಡದ ಖಣ ಇಡುತ್ತಾರೆ. ಬಾಗಲಕೋಟೆ ಜಿಲ್ಲೆಯ ಆ ಊರಿನ ಕೈಮಗ್ಗದಲ್ಲಿ ತೇರು, ಆನೆ ಹೆಜ್ಜೆಯಂಥ ಚಿತ್ತಾರ ಮೂಡಿಸಿ ನೇಯ್ದದ್ದು. ಮಗ್ಗಗಳು ಕಡಿಮೆಯಾಗುತ್ತಿವೆ. ಐದು ಪಾಲಿಸ್ಟರ್ ಕಣದ ಬದಲು ಹೊಲಿಸಿ ತೊಡುವಂಥ ಎರಡು ಖಣ ಕೊಟ್ಟರೆ ನೇಕಾರರ ಮನೆಗೂ ಹಬ್ಬ.

ಮೊರದ ಚೌಕಾಸಿಯ ಬಗ್ಗೆಯೂ ಹೇಳಲೇಬೇಕು. ಮೇದರರು ಬಿದಿರಿಗಾಗಿ ಪಟ್ಟ ಪಾಡು ಸಣ್ಣದಲ್ಲ. 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ಮರವೆಂದೇ ಎಣಿಸಿತ್ತು. ಕಾಡಿನಾಚೆ ಬೆಳೆದ ಬಿದಿರು ಆ ಪಟ್ಟಿಯಿಂದ ಹೊರಬಂದದ್ದು 2017ರಲ್ಲಿ. ಈ ನಡುವೆ ಕರ್ನಾಟಕದ ಕಾಡಿನ ಬಿದಿರು ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಹೋಗಿದ್ದೂ ಉಂಟು, ಬುಟ್ಟಿ ಹೆಣೆಯುವವರು ಮಾತ್ರ ಪೇಟೆಯ ಧಾರಣೆ ತೆರಬೇಕಿತ್ತು. 1970ರ ದಶಕದಲ್ಲಿ ಅವರು ಪ್ರತಿಭಟಿಸಿದ ಮೇಲೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬಿದಿರಿನ ಸ್ಥಿತಿಯನ್ನು ಅಧ್ಯಯನ ಮಾಡಿದರು. ಬಿದಿರುಮೆಳೆಯ ಬುಡದ ಮುಳ್ಳನ್ನು ಸವರಿ ಹಾಕುತ್ತಿದ್ದುದರಿಂದ ಎಳೆಯ ಕಳಲೆ ದನಕರುಗಳ ಬಾಯಿಗೆ ಸಿಗುತ್ತಿದೆ ಎಂಬುದು ಆಗ ಕಂಡಿತು. ಹಳ್ಳಿಯವರು ಅದನ್ನು ಮೊದಲೇ ಹೇಳಿದ್ದರು. ಇಷ್ಟೆಲ್ಲ ದಾಟಿ ಫುಟ್‌ಪಾತಿಗೆ ಬಂದ ಮೊರದ ಮೇಲೆ ಇಪ್ಪತ್ತು ರೂಪಾಯಿ ಇಳಿಸಿಕೊಳ್ಳುವುದರಲ್ಲಿ ನನಗೆ ಜಾಣತನ ಕಾಣುವುದಿಲ್ಲ.

ಇನ್ನು ಯಾರಿಗೆ ಕೊಡುವುದು? ಬಾಗಿನ ಮುತ್ತೈದೆಯರಿಗೆ ಮಾತ್ರ ಎಂಬ ನಿಯಮದ ಅಂಚಿನಲ್ಲಿ ಪ್ರತಿ ಬೀದಿಯಲ್ಲೂ ಒಬ್ಬಿಬ್ಬರು ಉಳಿದುಬಿಡುತ್ತಾರೆ. ಗಂಡನನ್ನು ಕಳೆದುಕೊಂಡ ಅತ್ತೆ, ದೊಡ್ಡಮ್ಮ, ಎದುರುಮನೆಯ ಟೀಚರು. ಹಬ್ಬದ ಬೆಳಿಗ್ಗೆ ಒಳಕೋಣೆಯಲ್ಲೇ ಇದ್ದುಬಿಡುವ ಅವರನ್ನು ಕರೆದು ಕೂರಿಸಿ ಮೊರ ಕೊಡುವ ಮನೆಗಳು ಈಗ ಅಲ್ಲಲ್ಲಿ ಇವೆ. ಅಂಥ ಮನೆಗಳಿಗೆ ಹೋಗುವುದೆಂದರೆ ನನಗೆ ಸಂತೋಷ. ಮನೆಗೆಲಸಕ್ಕೆ ಬರುವವರ ಮಾತು ಬೇರೆ. ಅವರಿಗೆ ಸಿಗುವುದು ಬಹಳ ಮನೆಗಳಲ್ಲಿ ಉಳಿದ ಕಣ, ಯಾರೋ ಕೊಟ್ಟ ಸಡಿಲ ಮೊರ. ನಮ್ಮ ಪಕ್ಕದ ಮನೆಯಾಕೆ ಹಾಗಲ್ಲ. ಹದಿನೈದು ದಿನ ಮುಂಚೆಯೇ, “ಲಕ್ಷಣವಾಗಿ ಹೇಳಮ್ಮ, ಕಣ ಬೇಕೋ, ಮಗಳಿಗೆ ಯೂನಿಫಾರ್ಮ್ ಬಟ್ಟೆ ಬೇಕೋ?” ಎಂದು ಕೇಳಿಬಿಡುತ್ತಾರೆ. ಕಳೆದ ಸಲ ಬಾಗಿನದ ಮೊರದಲ್ಲಿ ಶಾಲೆಯ ನೀಲಿ ಬಟ್ಟೆ ಅರಿಸಿನ ಕುಂಕುಮದ ಜೊತೆ ಕೂತಿತ್ತು.

ಮಾರುಕಟ್ಟೆಯ ಆಕೆಯ ಬಳಿ ಆ ಹೊತ್ತಿಗೆ ಕೇರುವ ಮೊರ ಉಳಿದದ್ದು ಮೂರೇ. ಐದು ಬೇಕೆಂದೆ. ಗಂಡ ಹೆಣೆದುಕೊಟ್ಟರೆ ನಾಳೆ ಸಂಜೆಗೆ ಇನ್ನೆರಡು ತರುವುದಾಗಿ ಹೇಳಿ, ಮೆಂತ್ಯ ನೆನೆಸಿ ರುಬ್ಬಿ, ಹಳೆ ಪೇಪರ್ ಕಲಸಿ ಬಳಿದು ಒಣಗಿಸಿದರೆ ವರ್ಷಗಟ್ಟಲೆ ಬರುತ್ತದೆಂದು ವಿವರಿಸಿದರು. ದುಡ್ಡು ಎಣಿಸಿಕೊಳ್ಳುತ್ತ ಮತ್ತೊಂದು ಮಾತು ಸೇರಿಸಿದರು: “ಮುಂದಿನ ಸರ್ತಿ ಆಷಾಢದಲ್ಲೇ ಬಂದು ಹೇಳಿ ಹೋಗಕ್ಕಾ. ಒಳ್ಳೆ ಬಿದಿರು ನೋಡಿ ಎತ್ತಿಡ್ತೀವಿ.”