ದುಡಿಯುವ ಹೊತ್ತಿನಲ್ಲಿ ಕೂಸು ಎಲ್ಲಿರಬೇಕು?

ಪಣಂಬೂರಿನ ನವಮಂಗಳೂರು ಬಂದರನ್ನು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದ್ದು 1975ರ ಜನವರಿಯಲ್ಲಿ. ಅದೇ ವರ್ಷ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ತಿ. ನರಸೀಪುರ. ಅಂಗನವಾಡಿ ನಮ್ಮ ಊರುಗಳಿಗೆ ಬಂದದ್ದು ಹೀಗೆ. ಕರಾವಳಿಗೆ ದೊಡ್ಡ ಉದ್ಯಮ ತಂದ ವರ್ಷವೂ ಮಕ್ಕಳ ಹೊಟ್ಟೆಯ ಹೊಣೆಯನ್ನು ಸರ್ಕಾರ ಹೊತ್ತ ವರ್ಷವೂ ಒಂದೇ. ಆದರೆ ಉದ್ಯಮದಲ್ಲಿ ದುಡಿಯುವವರ ಕೂಸನ್ನು ದುಡಿಮೆಯ ಹೊತ್ತಿನಲ್ಲಿ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಈ ಎರಡರ ನಡುವೆ ಉಳಿದುಹೋಯಿತು.

ಬಂದರು ಬರುವ ಮೊದಲು ಈ ಪ್ರಶ್ನೆಗೆ ಮನೆಯೊಳಗೇ ಉತ್ತರವಿತ್ತು. ಅಳಿಯಸಂತಾನದ ತುಳುನಾಡಿನಲ್ಲಿ ಹೆಣ್ಣಿಗೆ ತಾಯಿಮನೆಯ ಆಸರೆ ಗಟ್ಟಿ. ಮೀನಿನ ಬುಟ್ಟಿ ಹೊತ್ತು ಹೋದವಳ ಕೂಸು ಅಜ್ಜಿಯ ಬಳಿಯೋ ದೊಡ್ಡಮ್ಮನ ಬಳಿಯೋ ಇರುತ್ತಿತ್ತು. ಬಂದರಿಗಾಗಿ ನೆಲ ಬಿಟ್ಟ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆಯಾದವು. ಅಲ್ಲಿನ ವಿಳಾಸಗಳಲ್ಲಿ ಇಂದಿಗೂ ‘ಇಷ್ಟನೇ ಬ್ಲಾಕ್’ ಎಂಬ ಗುರುತು ಉಳಿದಿದೆ. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆ ಬೆಲೆ ಕಟ್ಟುತ್ತಿದ್ದದ್ದು ನೆಲಕ್ಕೆ, ಕಟ್ಟಡಕ್ಕೆ, ಮರಕ್ಕೆ. ಪಕ್ಕದ ಮನೆಯಲ್ಲಿದ್ದ ಅಜ್ಜಿ ಮೂರು ಬ್ಲಾಕ್ ಆಚೆ ಹೋದರೆ ಆ ನಷ್ಟಕ್ಕೆ ಯಾವ ಕಲಮೂ ಇರಲಿಲ್ಲ. ಕುಟುಂಬ ನೀತಿಯ ಬಗ್ಗೆ ಮಾತಾಡುವಾಗ ನಾವು ಭತ್ಯೆ, ಪಿಂಚಣಿಗಳನ್ನಷ್ಟೇ ನೆನೆಯುತ್ತೇವೆ. ಭೂಸ್ವಾಧೀನವೂ ಕುಟುಂಬ ನೀತಿಯೇ ಎಂದು ನಾನು ನಂಬುತ್ತೇನೆ.

ಕಾರ್ಮಿಕ ಕಾನೂನು ಕೂಸನ್ನು ಪೂರ್ತಿ ಮರೆತಿತ್ತು ಎನ್ನಲಾಗದು. ಅದು ಎಣಿಸಿದ ಬಗೆ ಬೇರೆ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕಿತ್ತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಈ ಸಂಖ್ಯೆ 50ಕ್ಕಿಂತ ಹೆಚ್ಚು. ಎರಡೂ ಕಡೆ ಲೆಕ್ಕಕ್ಕೆ ಬಂದವರು ಹೆಂಗಸರು ಮಾತ್ರ. ಗಂಡಸರೇ ತುಂಬಿದ ಹಡಗುಕಟ್ಟೆಯಲ್ಲಿ, ಗೊಬ್ಬರ ಕಾರ್ಖಾನೆಯಲ್ಲಿ, ಲಾರಿ ನಿಲ್ದಾಣದಲ್ಲಿ ಈ ಎರಡು ಕಾಯ್ದೆಗಳ ಕಣ್ಣಿಗೆ ಮಕ್ಕಳೇ ಇರಲಿಲ್ಲ, ಗಂಡಸಿಗೆ ಕೂಸು ಇರುವುದೇ ಇಲ್ಲವೇನೋ ಎಂಬಂತೆ. ಸಣ್ಣ ಘಟಕದಲ್ಲಿ ಇಪ್ಪತ್ತೈದು ಮಂದಿ ಹೆಂಗಸರಿದ್ದರೆ ಆ ಇಪ್ಪತ್ತೈದು ಮನೆಗಳ ಕೂಸುಗಳೂ ಹೊರಗೆ. ತೋಟ ಕಾರ್ಮಿಕರ ಕಾಯ್ದೆ ಮಾತ್ರ ಇಲ್ಲಿ ಬೇರೆ ದಾರಿ ಹಿಡಿದಿತ್ತು: ಮಹಿಳೆಯರು 50 ಇಲ್ಲದಿದ್ದರೂ ಅವರ ಮಕ್ಕಳು 20 ಇದ್ದರೆ ಸಾಕು, ಕೋಣೆ ಕೊಡಬೇಕು. 2005ರ ಉದ್ಯೋಗ ಖಾತರಿ ಕಾಯ್ದೆ ಇನ್ನೂ ಕೆಳಗಿಳಿಯಿತು. ಕೆಲಸದ ಜಾಗಕ್ಕೆ ತಾಯಂದಿರ ಜೊತೆ ಐದು ಮಕ್ಕಳು ಬಂದರೆ ಒಬ್ಬ ಹೆಂಗಸನ್ನು ಅವರ ಆರೈಕೆಗೆ ಬಿಟ್ಟು ಅವಳಿಗೂ ಕೂಲಿ ಕೊಡಬೇಕು ಎಂದಿತು. ತಾಯಂದಿರ ತಲೆ ಎಣಿಸುವುದನ್ನು ಬಿಟ್ಟು ಮಕ್ಕಳನ್ನೇ ಎಣಿಸಿದರೆ ಕಾನೂನು ಎಷ್ಟು ಬದಲಾಗುತ್ತದೆ ನೋಡಿ.

ಬೀಡಿ ಕಟ್ಟುವವರ ಕತೆ ಇನ್ನೊಂದು. 1966ರ ಬೀಡಿ ಕಾರ್ಮಿಕರ ಕಾಯ್ದೆಯಲ್ಲೂ ಶಿಶುಪಾಲನಾ ಕೋಣೆಯ ಮಾತಿತ್ತು, ಆದರೆ ಅದು ಕಾರ್ಖಾನೆಯ ಆವರಣಕ್ಕೆ. ದಕ್ಷಿಣ ಕನ್ನಡದ ಹೆಂಗಸರು ಬೀಡಿ ಕಟ್ಟುವುದು ಮನೆಯಲ್ಲಿ, ತಡ್ಪೆ ಎಂಬ ಮೊರವನ್ನು ತೊಡೆಯ ಮೇಲಿಟ್ಟುಕೊಂಡು. ಮಗು ನೋಡಿಕೊಳ್ಳಲು ಬೇರೆ ಯಾರೂ ಇಲ್ಲವೆಂಬ ಕಾರಣಕ್ಕೇ ಈ ಕೆಲಸ ಹಿಡಿದವರು ಎಷ್ಟೋ ಮಂದಿ. ಹೊಗೆಸೊಪ್ಪಿನ ಘಾಟಿನಲ್ಲಿ ಮಲಗಿದ ಆ ಕೂಸು ಯಾವ ಕಾಯ್ದೆಯ ಲೆಕ್ಕಕ್ಕೂ ಸಿಗಲಿಲ್ಲ.

ಈಗ ಬೈಕಂಪಾಡಿ, ಕುಳಾಯಿ, ಸುರತ್ಕಲ್ ಸುತ್ತ ಬಾಡಿಗೆ ಕೋಣೆ ಹಿಡಿದಿರುವವರಲ್ಲಿ ಬಾಗಲಕೋಟೆ, ಕೊಪ್ಪಳ, ವಿಜಯಪುರದ ಕಡೆಯವರಿದ್ದಾರೆ, ಒಡಿಶಾ, ಬಿಹಾರದಿಂದ ಬಂದವರಿದ್ದಾರೆ. ಅವರ ಅಜ್ಜಿಯರು ಊರಿನಲ್ಲಿದ್ದಾರೆ. ಮೂರು ತುಂಬಿದ ಮಗುವಿಗೆ ಅಂಗನವಾಡಿ ಇದೆ, ಅದು ಹಗಲಿನ ಕೆಲವು ತಾಸು ಮಾತ್ರ. ಮೂರರ ಒಳಗಿನ ಕೂಸಿಗೆ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಸಿಗುತ್ತದೆ, ತೂಕ ನೋಡುತ್ತಾರೆ, ಲಸಿಕೆ ನೆನಪಿಸುತ್ತಾರೆ. ಆದರೆ ಇಡೀ ದಿನ ಇರಿಸಿಕೊಳ್ಳುವ ವ್ಯವಸ್ಥೆ ಅಲ್ಲಿಲ್ಲ. ಟೀಚರಮ್ಮನನ್ನು ದೂರಿ ಫಲವಿಲ್ಲ. ಅಡುಗೆ, ಆಟ, ಪಾಠ, ದಾಖಲೆ, ಸಮೀಕ್ಷೆ ಎಲ್ಲವೂ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿಯ ಮೇಲೆ ಬಿದ್ದಿದೆ. ಕೊನೆಗೆ ಕೂಸನ್ನು ನೋಡಿಕೊಳ್ಳುವುದು ಎಂಟೋ ಹತ್ತೋ ವರ್ಷದ ಅಕ್ಕ. ಶಾಲೆ ತಪ್ಪುವುದು ಅವಳಿಗೆ. ಎಳೆಯ ಕೂಸಿಗೆ ಕೊಡುವ ಒಂದು ಕೋಣೆ ಅಕ್ಕನ ಓದನ್ನೂ ಉಳಿಸುತ್ತದೆ ಎಂಬುದನ್ನು ಶಿಕ್ಷಣ ಇಲಾಖೆಯ ಕಡತ ಕೂಡ ಗಮನಿಸಬೇಕು.

ಕರ್ನಾಟಕ ಹೆಮ್ಮೆಪಡಬಹುದಾದ ಎರಡು ಹೆಜ್ಜೆಗಳಿವೆ. 2023ರಲ್ಲಿ ಬಂದ ‘ಕೂಸಿನ ಮನೆ’ 4,000 ಗ್ರಾಮ ಪಂಚಾಯಿತಿಗಳಲ್ಲಿ ದುಡಿಯುವ ತಾಯಂದಿರ ಎಳೆಯ ಮಕ್ಕಳಿಗೆ ಜಾಗ ಮಾಡಿಕೊಡುವ ಯೋಜನೆ. ಇನ್ನೊಂದು ಮಕ್ಕಳ ಗ್ರಾಮಸಭೆ. ಅದರ ಬೇರು ನಮ್ಮ ಕರಾವಳಿಯಲ್ಲೇ ಇದೆ. ದುಡಿಯುವ ಮಕ್ಕಳ ಭೀಮ ಸಂಘವೂ ಅದರ ಬೆನ್ನಿಗಿದ್ದ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆಯೂ ಕುಂದಾಪುರದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿ ನಡೆಸಿ ತೋರಿಸಿದವು. ಮುಂದೆ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಮಕ್ಕಳ ಗ್ರಾಮಸಭೆ ನಡೆಸಲು ಹೇಳಿತು. ಮಾಡಿ ತೋರಿಸಿ ಆಮೇಲೆ ಕೇಳುವ ವಕಾಲತ್ತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ದೆಹಲಿಯಲ್ಲೂ ಹೀಗೇ ಆಗಿತ್ತು. ಗಾಂಧಿ ಶತಮಾನೋತ್ಸವಕ್ಕಾಗಿ ರಾಜಘಾಟ್ ಬಳಿ ಕಟ್ಟಡ ಏಳುತ್ತಿದ್ದ ಜಾಗದಲ್ಲಿ ಕೂಲಿಕಾರರ ಮಕ್ಕಳು ಧೂಳಿನಲ್ಲಿದ್ದುದನ್ನು ಕಂಡ ಮೀರಾ ಮಹಾದೇವನ್ 1969ರಲ್ಲಿ ಅಲ್ಲೊಂದು ಗುಡಾರ ಎಬ್ಬಿಸಿದರು. ಮೊಬೈಲ್ ಕ್ರೆಚಸ್ ಸಂಸ್ಥೆ ಬೆಳೆದದ್ದು ಅದರಿಂದ. ಆದರೆ ನಮ್ಮ ಈ ಎರಡು ಹೆಜ್ಜೆಗಳೂ ಪಂಚಾಯಿತಿಯ ಗಡಿಗೆ ಬಂದು ನಿಲ್ಲುತ್ತವೆ. ಪಣಂಬೂರು ಮಂಗಳೂರು ಮಹಾನಗರಪಾಲಿಕೆಗೆ ಸೇರಿದ್ದು.

ಹೀಗಿರುವಾಗ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಒಂದು ಬಾಗಿಲು ತೆರೆದಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಶಿಶುಪಾಲನೆಯ ವಿಷಯದಲ್ಲಿ ಬರೀ ಮಹಿಳೆಯರನ್ನು ಎಣಿಸುವುದಿಲ್ಲ. 50ಕ್ಕಿಂತ ಹೆಚ್ಚು ಕಾರ್ಮಿಕರು ಎನ್ನುತ್ತದೆ, ಗಂಡಸರೂ ಸೇರಿ. ಹಲವು ಸಂಸ್ಥೆಗಳು ಹಣ ಕೂಡಿಸಿ ಒಂದೇ ಶಿಶುಪಾಲನಾ ಕೇಂದ್ರ ನಡೆಸಬಹುದು, ಪಾಲಿಕೆಯದನ್ನೋ ಸ್ವಯಂಸೇವಾ ಸಂಸ್ಥೆಯದನ್ನೋ ಬಳಸಬಹುದು ಎಂದೂ ಹೇಳುತ್ತದೆ. ಸಣ್ಣಪುಟ್ಟ ಘಟಕಗಳು ಒತ್ತೊತ್ತಾಗಿರುವ ಬೈಕಂಪಾಡಿ ಕೈಗಾರಿಕಾ ಪ್ರದೇಶಕ್ಕೆ ಹೇಳಿ ಮಾಡಿಸಿದ ಮಾತು ಇದು. ಆದರೆ ಕೋಣೆ ಎಲ್ಲಿ, ಹೇಗೆ ಎಂಬುದು ಸರ್ಕಾರ ಬರೆಯುವ ನಿಯಮಗಳ ಮೇಲೆ ನಿಂತಿದೆ. ಆದ್ದರಿಂದ ಕಾರ್ಮಿಕ ಸಂಘಗಳು, ಮಹಿಳಾ ಸಂಘಟನೆಗಳು, ಪಾಲಿಕೆಯ ಸದಸ್ಯರು ಕೇಳಬೇಕಾದದ್ದು ಸ್ಪಷ್ಟವಾಗಿರಲಿ. 50 ಮಂದಿ ಇಲ್ಲದ ಘಟಕಗಳ ಮಕ್ಕಳಿಗೂ ಸಾಮೂಹಿಕ ಕೇಂದ್ರದಲ್ಲಿ ಜಾಗ ಬೇಕು. ಗುತ್ತಿಗೆದಾರನ ಕೈಕೆಳಗಿನ ಕೂಲಿಯ ಮಗುವನ್ನು ಹಾಜರಿ ಪುಸ್ತಕದಲ್ಲಿ ಹೆಸರಿಲ್ಲವೆಂದು ಹೊರಗಿಡಬಾರದು. ಬೀಡಿ ಕಟ್ಟುವ ಮನೆಗಳ ಕೂಸುಗಳಿಗೂ ಪ್ರವೇಶವಿರಬೇಕು. ಬೆಳಗಿನ ಪಾಳಿ ಆರಕ್ಕೆ ಶುರುವಾಗುವಲ್ಲಿ ಕೇಂದ್ರ ಐದೂವರೆಗೇ ತೆರೆದಿರಬೇಕು, ಆರೈಕೆ ಮಾಡುವವಳಿಗೆ ಗೌರವಧನದ ಬದಲು ಸಂಬಳವಿರಬೇಕು.